ಮೇಡಂ ಅವರ ಒಡಕು ದನಿ

ನಮ್ಮ ಮೇಡಂ ಅವರ ದನಿ ಗಂಡು ದನಿಯಂತೆ ದಪ್ಪ, ಒಡಕು. ಮಾತು ಗಂಟಲನ್ನು ಕೆರೆದುಕೊಂಡೇ ಹೊರಗೆ ಬರುತ್ತಿತ್ತು. ಫೋನಿನಲ್ಲಿ ಎಲ್ಲರೂ ಅವರನ್ನು 'ಸರ್' ಎನ್ನುತ್ತಿದ್ದರು, ಅವರು ತಿದ್ದುತ್ತಿರಲಿಲ್ಲ. ಅದೇ ಗಿರಾಕಿಗಳು ದಿಲ್ಲಿಯ ಓಖ್ಲಾದಲ್ಲಿದ್ದ ನಮ್ಮ ಆಫೀಸಿಗೆ ಬಂದು, ಹತ್ತಿ ಸೀರೆಯ ಈ ಕುಳ್ಳ ಹೆಂಗಸನ್ನು ದಾಟಿ ಒಳಗೆ ಇಣುಕಿದಾಗ, "ಬೈಠಿಯೇ. ಫೋನ್ ಪರ್ ಮೈ ಹೀ ಥೀ," ಕೂತ್ಕೊಳ್ಳಿ, ಫೋನಿನಲ್ಲಿದ್ದದ್ದು ನಾನೇ, ಎನ್ನುತ್ತಿದ್ದರು ಮೇಡಂ. ಆಗಿನ ಗಿರಾಕಿಗಳ ಮುಖ ನೋಡಲೆಂದೇ ನಾನು ಏನಾದರೂ ನೆಪ ತೆಗೆದು ಬಾಗಿಲ ಬಳಿ ಸುಳಿಯುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ಕೆಳಗೆ ಸಿದ್ಧ ಉಡುಪಿನ ಕಾರ್ಖಾನೆ, ಮಹಡಿಯ ಮೇಲೆ ಮೇಡಂ ಕಟ್ಟಿದ ಸಾಫ್ಟ್‌ವೇರ್ ಕಂಪನಿ. ಅಂಥ ಕಾರ್ಖಾನೆಗಳಿಗೇ ನಾವು ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ಮೇಡಂ ಕೊಡಗಿನವರು, ಸೇನೆಯಲ್ಲಿದ್ದ ಫೌಜಿಯ ಮಗಳು. ದಿಲ್ಲಿಗೆ ಓದಲು ಬಂದ ನನಗೆ ಮೊದಲ ಕೆಲಸ ಕೊಟ್ಟವರು. ನನ್ನನ್ನು ಕನ್ನಡದಲ್ಲೇ ಬೈಯುತ್ತಿದ್ದರು. "ಇಂಗ್ಲಿಷಲ್ಲಿ ಬೈದ್ರೆ ನಿನಗೆ ನಾಟೋದಿಲ್ಲ ಮಾರಾಯ್ತಿ."

ಅವರದೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಪ್ರೋಗ್ರಾಂ ಬರೆದ ಹುಡುಗಿಯೇ ಗಿರಾಕಿಯ ಮುಂದೆ ನಿಂತು ಅದನ್ನು ವಿವರಿಸಬೇಕು. ಇಂಗ್ಲಿಷ್ ಚೆನ್ನಾಗಿರುವ ಇನ್ನೊಬ್ಬರನ್ನು ಕಳಿಸುವ ಹಾಗಿಲ್ಲ. ನನ್ನಿಂದಾಗದು ಎಂದು ನಾನು ಬೇಡಿಕೊಂಡಾಗ, "ಮಾಡಿದವಳೇ ಹೇಳ್ಬೇಕು. ಇಲ್ಲದಿದ್ರೆ ಅದು ಬೇರೆ ಯಾರೋ ಮಾಡಿದ್ದು ಅಂತಾಗಿಬಿಡುತ್ತೆ," ಎಂದು ಒಳಗೆ ದಬ್ಬಿದ್ದರು.

ಒಂದು ಚಳಿಗಾಲದಲ್ಲಿ ಅವರ ದನಿ ಇನ್ನಷ್ಟು ಒಡೆಯಿತು. ದಿಲ್ಲಿಯ ಹೊಗೆಮಂಜಿನಲ್ಲಿ ಕೆಮ್ಮದವರು ಯಾರು? "ಮೇಡಂ, ನೀವಿನ್ನು ಸರ್ ಅಲ್ಲ, ಕರ್ನಲ್ ಸಾಬ್," ಎಂದು ನಾವು ಚುಡಾಯಿಸಿದೆವು. ಅವರೂ ನಕ್ಕು ಶುಂಠಿ ಚಹಾ ಕುಡಿದರು. ಮೊದಲೇ ಒಡಕಾಗಿದ್ದ ದನಿಯೊಳಗೆ ಕಾಯಿಲೆ ಬಂದು ಕೂತದ್ದು ಅವರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಬೇರೆ ಯಾರದೇ ದನಿಯಾಗಿದ್ದರೂ ಆಸ್ಪತ್ರೆಗೆ ಓಡುತ್ತಿದ್ದೆವು. ಕೊನೆಗೆ ತೋರಿಸಿದಾಗ ಗಂಟಲಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ದಿನ ನಮ್ಮನ್ನು ಒಬ್ಬೊಬ್ಬರನ್ನಾಗಿ ತಮ್ಮ ಕೋಣೆಗೆ ಕರೆದರು. "ಚಲೋ, ಬೈಯೋದನ್ನೆಲ್ಲ ಇವತ್ತೇ ಬೈದು ಮುಗಿಸ್ತೀನಿ," ಎಂದರು ನನಗೆ. ಬೈಯಲಿಲ್ಲ. ಅಮ್ಮನ ಆರೋಗ್ಯ ಕೇಳಿದರು. "ಪೀಜಿಯ ಊಟ ಸೇರೋಲ್ಲ ಅಂತ ಉಪವಾಸ ಇರ್ಬೇಡ," ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು ಮೇಡಂ ಮತ್ತೆ ಆಫೀಸಿಗೆ ಬಂದರು. ಅಷ್ಟರಲ್ಲಿ ಕಂಪನಿ ಮುಚ್ಚುತ್ತದೆಂಬ ಗುಲ್ಲು ಹಬ್ಬಿತ್ತು. ನಮ್ಮ ದೊಡ್ಡ ಗಿರಾಕಿಯೂ ಕೈಬಿಡುವ ಯೋಚನೆಯಲ್ಲೇ ಬಂದು ಕೂತರು. ಅವರು ಹೋದರೆ ಕಂಪನಿ ಉಳಿಯುವಂತಿರಲಿಲ್ಲ. ಮೇಡಂ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡುವುದು, ನಾನು ಅದನ್ನು ಹಿಂದಿಯಲ್ಲಿ ಹೇಳುವುದು ಎಂದು ಮಾತಾಗಿತ್ತು. ಆದರೆ ಗಿರಾಕಿ ಪ್ರತಿಯೊಂದನ್ನೂ ನಮ್ಮ ಪೈಕಿ ಅಲ್ಲಿದ್ದ ಒಬ್ಬನೇ ಗಂಡಸು, ಅಕೌಂಟೆಂಟ್ ಕಡೆ ತಿರುಗಿ ಕೇಳುತ್ತಿದ್ದರು. ಮೇಡಂ ಟೈಪ್ ಮಾಡಿದ್ದನ್ನು ನಾನು ಹೇಳಿದೆ: "ನನ್ನನ್ನು ನೋಡಿ ಮಾತಾಡಿ. ನನ್ನ ಕಿವಿ ನೆಟ್ಟಗಿದೆ." ಗಿರಾಕಿ ಕುರ್ಚಿ ತಿರುಗಿಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ, ನೊಯಿಡಾದ ತಮ್ಮ ಹೊಸ ಕಾರ್ಖಾನೆಯ ಕೆಲಸವನ್ನು ಯಾರು ಹೊರುತ್ತಾರೆ ಎಂದು ಅವರು ಕೇಳಿದರು. ನಾನು ಪರದೆಯತ್ತ ನೋಡಿದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚಿ, ಕೈಕಟ್ಟಿ ಕೂತು, ನನ್ನನ್ನೇ ನೋಡತೊಡಗಿದರು. ನಾನು ಗಿರಾಕಿಯತ್ತ ತಿರುಗಿದೆ. "ಮೈ ಸಂಭಾಲೂಂಗೀ," ನಾನು ನೋಡಿಕೊಳ್ಳುತ್ತೇನೆ, ಎಂದೆ, ಹೇಗೆ ಎಂಬುದನ್ನೂ ವಿವರಿಸಿದೆ. ಗಿರಾಕಿ ಉಳಿದರು.

ಮೀಟಿಂಗ್ ಮುಗಿದು ಅವರು ಹೋದ ಮೇಲೆ ನನಗೆ ಅಳುವೇ ಬಂತು. "ಹೀಗೆ ನಡುವೆ ಕೈಬಿಡೋದಾ ಮೇಡಂ?" ಎಂದೆ. ಅವರು ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿದರು: "ನಾನಿನ್ನು ಎಷ್ಟು ದಿನ ಇರ್ತೀನಿ?"

ಮುಂದಿನ ಚಳಿಗಾಲಕ್ಕೆ ಅವರಿರಲಿಲ್ಲ. ಕಂಪನಿ ಇದೆ, ನಾನು ನಡೆಸುತ್ತಿದ್ದೇನೆ. ಹೊಸ ಹುಡುಗಿಯರನ್ನು ಗಿರಾಕಿಗಳ ಮುಂದೆ ನಾನೂ ದಬ್ಬುತ್ತೇನೆ. ಅವರು "ನಿಮ್ಮ ಮೇಡಂ ಹೇಗೆ ಮಾತಾಡ್ತಿದ್ರು?" ಎಂದು ಕೇಳುತ್ತಾರೆ. ಕೇಳಿಸಲು ನನ್ನ ಬಳಿ ಏನೂ ಇಲ್ಲ. ಆಪರೇಷನ್ನಿನ ಹಿಂದಿನ ದಿನ ಅವರು ಅಷ್ಟು ಹೊತ್ತು ಮಾತಾಡಿದರು. ದಿನಾ ಸಂಜೆ ಎಲ್ಲದರ ಬ್ಯಾಕಪ್ ತೆಗೆದಿಡುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಹೊಳೆಯಲಿಲ್ಲ.