ಇಬ್ಬರಿಗೂ ಸೇರಿ ಒಂದು ರೈಲು ಕಾರ್ಡು

ಟಿಕೀಟು ಕಿಟಕಿಯ ಆಚೆ ಕೂತ ಹುಡುಗಿ ನಮ್ಮಿಬ್ಬರ ಫೋಟೋಗಳನ್ನು ಒತ್ತಟ್ಟಿಗೆ ಅಂಟಿಸಿ, ಅರ್ಧ ನಮ್ಮ ಯಜಮಾನರ ಕೆನ್ನೆಗೂ ಅರ್ಧ ನನ್ನ ಕೆನ್ನೆಗೂ ಬೀಳುವಂತೆ ದುಂಡನೆಯ ಮುದ್ರೆ ಒತ್ತಿದಳು. ಇಷ್ಟು ವರ್ಷದ ಸಂಸಾರದಲ್ಲಿ ನಾವು ಒಂದೇ ಕಾಗದದ ಮೇಲೆ ಅಕ್ಕಪಕ್ಕ ಕೂತದ್ದು ಅದೇ ಮೊದಲು. ಮದುವೆಯಲ್ಲೂ ಫೋಟೋ ತೆಗೆಸಿರಲಿಲ್ಲ ಎಂದು ಇವರು ಹೇಳುತ್ತಾರೆ. ನನಗೆ ಮಾತ್ರ ಬಬಲೇಶ್ವರದ ಅವರ ಮನೆಯಂಗಳದಲ್ಲಿ ತಲೆಗೆ ಕರಿಬಟ್ಟೆ ಹೊದ್ದು ನಿಂತ ಒಬ್ಬ ಫೋಟೋದವನು ನೆನಪಿದ್ದಾನೆ. ಅವನು ಬೇರೆ ಯಾರ ಮದುವೆಗೆ ಬಂದವನೋ ಏನೋ. ನನ್ನ ನೆನಪನ್ನು ನಾನೇ ಈಗ ಪೂರ್ತಿ ನಂಬುವುದಿಲ್ಲ.

ನಾವು ಪಶ್ಚಿಮ ಜರ್ಮನಿಗೆ ಬಂದು ಎರಡನೆಯ ಚಳಿಗಾಲ ಇದು. ಮಗಳು ಕಮಲಾ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ವಿಜಾಪುರದ ಹೆಣ್ಣುಮಕ್ಕಳ ಶಾಲೆಯಿಂದ, ಇವರು ಕಂದಾಯ ಕಚೇರಿಯಿಂದ ನಿವೃತ್ತರಾದ ಮೇಲೆ ಅವಳೇ ಹಟ ಹಿಡಿದು ಕರೆಸಿಕೊಂಡಳು. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಗ್ಗರಣೆ ಹಾಕಿದರೆ ಕೆಳಗಿನ ಮನೆಯವರು ಕಿಟಕಿ ಮುಚ್ಚುತ್ತಾರೆ, ಆದಿತ್ಯವಾರ ಬಟ್ಟೆ ಒಣಹಾಕಿದರೆ ಬಾಗಿಲು ತಟ್ಟುತ್ತಾರೆ. ಜೋಳದ ಹಿಟ್ಟು ಸಿಗದು. ಗೋಧಿ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಕೈಸೋತ ದಿನ ನಾನು ಅತ್ತದ್ದನ್ನು ಕಮಲಾ ಈರುಳ್ಳಿಯ ಪಾಲಿಗೆ ಹಾಕಿದಳು.

ಆದರೂ ನಾನು ಭಾಷೆ ಕಲಿತೆ. ಅಂಗಡಿಯಲ್ಲಿ ಬೇಕಾದ್ದನ್ನು ಕೇಳುತ್ತೇನೆ, ತಪ್ಪು ಚಿಲ್ಲರೆ ಕೊಟ್ಟರೆ ತಿರುಗಿ ಹೇಳುತ್ತೇನೆ. ಇವರು ಕಲಿಯಲಿಲ್ಲ. ನನ್ನ ಹಿಂದೆ ನಿಂತು, ನಾನು ಆಡಿದ ಮಾತು ಮುಗಿದ ಮೇಲೆ ತಾವೂ ತಲೆಯಾಡಿಸುತ್ತಾರೆ.

ಈ ಕಾರ್ಡು ಮಾಡಿಸಿಕೊಟ್ಟವಳೂ ಕಮಲಾನೇ. ವಯಸ್ಸಾದ ಗಂಡಹೆಂಡತಿ ಕೂಡಿ ಪ್ರಯಾಣ ಮಾಡಿದರೆ ರೈಲಿನಲ್ಲಿ ಅರ್ಧ ದರ. ಕೂಡಿ ಮಾಡಿದರೆ ಮಾತ್ರ. ಅದಕ್ಕೆ ಇಲ್ಲಿಯವರದೊಂದು ಶಬ್ದವಿದೆ, ಗೆಮೈನ್‌ಜಾಮ್, ಅಂದರೆ ಜೊತೆಯಾಗಿ. ಕಾರ್ಡಿನ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ನಾನು ಅದನ್ನು ಓದಿದ್ದೆ. ಓದಿಯೂ ತಪ್ಪಿದೆ. ಮೊದಲ ಪ್ರಯಾಣದ ದಿನ ರೈಲು ಹತ್ತಿದಾಗ ಒಂದು ಕೋಣೆಯಲ್ಲಿ ಮೂವರು ಹೆಂಗಸರು ಕಂಡರು. ನನ್ನ ಕಾಲು ತಾನಾಗಿ ಅತ್ತ ಹೋಯಿತು. ಇವರು ಪೇಪರು ಕಂಕುಳಲ್ಲಿಟ್ಟು ಮುಂದಿನ ಡಬ್ಬಿಗೆ ನಡೆದರು. ಇಬ್ಬರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ವಿಜಾಪುರದಿಂದ ಸೊಲ್ಲಾಪುರಕ್ಕೆ ನಾವು ಯಾವಾಗಲೂ ಹೋದದ್ದು ಹಾಗೆಯೇ: ಹೆಂಗಸರ ಡಬ್ಬಿಯಲ್ಲಿ ನಾನು, ಗಂಡಸರಲ್ಲಿ ಅವರು, ನಡುವೆ ಹೋಟಗಿ ಸ್ಟೇಶನ್ನಿನಲ್ಲಿ ಇಳಿದು ಕಿಟಕಿಯೊಳಗಿಂದ ಒಂದು ಕಪ್ ಚಹಾ ಕೊಟ್ಟರೆ ಅದೇ ದೊಡ್ಡ ಮಾತು.

ಟಿಕೀಟು ನೋಡುವವನು ಬಂದ. ಇಲ್ಲಿ ಅವನಿಗೆ ಶಾಫ್ನರ್ ಎನ್ನುತ್ತಾರೆ. ಕಾರ್ಡು ಇವರ ಕೋಟಿನಲ್ಲಿತ್ತು. "ನಿಮ್ಮ ಗಂಡ ಎಲ್ಲಿ?" ಎಂದ. ಮುಂದೆ, ಎಂದೆ. "ಜಗಳವೇ?" ಎಂದ. ಮೂವರು ಹೆಂಗಸರೂ ಪುಸ್ತಕದಿಂದ ತಲೆ ಎತ್ತಿದರು. ಅವರ ಹೆಸರೇನು ಎಂದು ಕೇಳಿದ. ಬಿ.ಎ. ಮಾಡಿದವಳು, ನೂರಾರು ಹುಡುಗಿಯರ ಹಾಜರಿ ಕೂಗಿದವಳು, ಗಂಡನ ಹೆಸರು ಬಾಯಿಗೆ ಬರಲಿಲ್ಲ. ಅವನು ನನ್ನನ್ನು ಡಬ್ಬಿಯಿಂದ ಡಬ್ಬಿಗೆ ನಡೆಸಿಕೊಂಡು ಹೋದ. ಇವರು ನಮ್ಮನ್ನು ನೋಡಿ ಪೇಪರು ಮಡಚಿ, "ನೀ ಯಾಕ ಬಂದಿ ಇಲ್ಲಿ?" ಎಂದರು.

ಶಾಫ್ನರ್ ನಮ್ಮನ್ನು ಒಂದೇ ಸೀಟಿನಲ್ಲಿ ಕೂರಿಸಿ, ಮಕ್ಕಳಿಗೆ ಹೇಳುವಂತೆ ಬೆರಳು ತೋರಿಸಿ ಹೋದ.

"ಊರಾಗ ನೀವ ನನ್ನ ಹೆಂಗಸರ ಡಬ್ಬಿಗೆ ಕಳಸ್ತಿದ್ರಿ," ಎಂದೆ ನಾನು.

"ನಾ ಎಲ್ಲಿ ಕಳಸ್ತಿದ್ದೆ? ನೀನ ಓಡ್ತಿದ್ದಿ. ಮಾತಾಡಾಕ ಮಂದಿ ಬೇಕಾಗಿತ್ತು ನಿನಗ."

ಇಬ್ಬರಲ್ಲಿ ಯಾರು ಸರಿ? ಆಗಲೂ ದಿನಚರಿ ಬರೆಯುತ್ತಿದ್ದೆ, ಆದರೆ ಸೊಲ್ಲಾಪುರಕ್ಕೆ ಹೋಗಿಬಂದೆ ಎಂದಷ್ಟೇ ಬರೆದಿರುತ್ತಿದ್ದೆ. ಒಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಆ ಡಬ್ಬಿಯಲ್ಲಿ ನಾನು ಒಬ್ಬಳೇ ಎಷ್ಟೋ ಸಲ ಹೋಗಿದ್ದೆ, ಯಾರೂ ಗಂಡನೆಲ್ಲಿ ಎಂದು ಕೇಳಿರಲಿಲ್ಲ. ಹೆಂಗಸರಿಗೆ ಎಲ್ಲ ಬಿಡುಗಡೆಯಿದೆ ಎಂದು ನೀವು ಕೇಳಿರುವ ಈ ದೇಶ ನನ್ನನ್ನು ಅರ್ಧ ಟಿಕೀಟು ಮಾಡಿತು.

ಇವರಿಗೆ ಕಾರ್ಡಿನ ಹುಚ್ಚು ಹಿಡಿಯಿತು. ಆದಿತ್ಯವಾರ ಬಂತೆಂದರೆ ನಕಾಶೆ ಹರವುವರು. "ಅಕ್ಕೋರ, ನಡೀರಿ, ಇವತ್ತ ಕೋಟೆ ನೋಡೂನು." ಶಾಲೆಯ ಹುಡುಗಿಯರು ಕರೆಯುತ್ತಿದ್ದ ಹೆಸರನ್ನು ಇವರು ಚೇಷ್ಟೆಗೆ ಕರೆಯುತ್ತಾರೆ. ಕೋಟೆ, ಕೆರೆ, ಮತ್ತೊಂದು ಕೋಟೆ. ಗೋಳಗುಮ್ಮಟದ ನೆರಳಲ್ಲಿ ಮೂವತ್ತು ವರ್ಷ ಇದ್ದು ಒಮ್ಮೆಯೂ ಮೆಟ್ಟಿಲು ಹತ್ತದವರು! ನಾನು ಪಕ್ಕದಲ್ಲಿ ಕೂರಬೇಕು, ಮಾತು ಬೇಡ. ಎದುರು ಕೂತ ಎಳೆಯ ಜೋಡಿಗಳು ನಮ್ಮನ್ನು ನೋಡಿ ಪ್ರೀತಿಯಿಂದ ನಗುತ್ತಿದ್ದವು.

ನನಗೆ ಹೋಗಬೇಕಾಗಿದ್ದದ್ದು ಒಂದೇ ಊರಿಗೆ. ಅಲ್ಲಿ ಸಕ್ಕುಬಾಯಿ ಇದ್ದಳು. ನಮ್ಮ ಕಡೆಯ ಕನಮಡಿಯವಳು, ಮಗ ಕಾರ್ಖಾನೆಯಲ್ಲಿ ಫಿಟ್ಟರ್. ಕಮಲಾಳ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದಾಗ ಪರಿಚಯವಾದವಳು. ಈ ದೇಶದಲ್ಲಿ ನನ್ನ ಮಾತಿಗೆ ನನ್ನ ಮಾತಲ್ಲೇ ತಿರುಗಿ ಬೈಯಬಲ್ಲವಳು ಅವಳೊಬ್ಬಳೇ. ಫೋನು ಮಾಡಿದಳು. "ಬ್ಯಾಸಗಿ ಬರೂದ್ರಾಗ ಕಾಯಂ ಊರಿಗೆ ಹೊಂಟೀನಿ ಬೇ. ಒಮ್ಮೆರ ಬಂದು ಮಾರಿ ತೋರಸು."

ಇವರಿಗೆ ಹೇಳಿದೆ. "ಅಲ್ಲಿ ನೋಡೂದು ಏನೈತಿ? ಬರೇ ಹೊಗಿ ಕೊಳವಿ," ಎಂದರು. ಮುಂದಿನ ವಾರ ಕೇಳಿದೆ. ಅದರ ಮುಂದಿನ ವಾರವೂ. ಕಮಲಾ, "ಪೂರ್ತಿ ಟಿಕೀಟು ತಗಸ್ತೀನವ್ವಾ, ನೀ ಒಬ್ಬಾಕಿನ ಹೋಗು," ಎಂದಳು. ಒಲ್ಲೆ ಎಂದೆ. ಕೋಟೆಗಳಿಗೆ ನಾನು ಜೊತೆಯಾದರೆ ಸಕ್ಕುವಿನ ಮನೆಗೆ ಇವರು ಜೊತೆಯಾಗಬಾರದೇಕೆ? ಆ ಆದಿತ್ಯವಾರ ಇವರು ಕೋಟು ತೊಟ್ಟು ನಿಂತರು. ನಾನು ಏಳಲಿಲ್ಲ.

"ಬರಂಗಿಲ್ಲೇನು?"

"ಬರಂಗಿಲ್ರಿ. ನಿಮ್ಮ ಕಾರ್ಡ್ ಐತೆಲ್ಲ, ಅದನ್ನ ಕೂಡಿಸ್ಕೊಂಡು ಹೋಗ್ರಿ."

ಎರಡು ಆದಿತ್ಯವಾರ ಮನೆಯಲ್ಲೇ ಕೂತರು, ಕಿಟಕಿಯಿಂದ ಸ್ಟೇಶನ್ನಿನ ಕಡೆ ನೋಡುತ್ತ. ಮೂರನೆಯದಕ್ಕೆ ನನ್ನ ಚಪ್ಪಲಿಯನ್ನು, ಅಲ್ಲ, ಬೂಟನ್ನು, ಬಾಗಿಲ ಬಳಿ ತಂದಿಟ್ಟರು.

ಸಕ್ಕುವಿನ ಅಡುಗೆಮನೆಯಲ್ಲಿ ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಕೂತೆವು. ಇವರು ಹೊರಗೆ ಅವಳ ಮಗನ ಜೊತೆ. ಎಲ್ಲಿಂದಲೋ ತರಿಸಿದ ಜೋಳದ ಹಿಟ್ಟಿತ್ತು. ಅವಳು ಬಡಿದಳು, ನಾನು ಬೇಯಿಸಿದೆ. ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ಒಲೆಯ ಮುಂದೆಯೇ ಬಿಸಿ ರೊಟ್ಟಿ ತಿಂದೆವು.

"ಗಂಡನ್ನ ಸೊಂಟಕ್ಕ ಕಟಗೊಂಡು ಅಡ್ಡಾಡಾಕತ್ತೀಯಂತ, ಖರೇನ?" ಎಂದಳು ಆಮೇಲೆ. "ಈ ವಯಸ್ಸಿನ್ಯಾಗ ನಾಚಿಕಿ ಬಿಟ್ಟ್ಯಲ್ಲ ಬೇ ಯವ್ವಾ!"

ನಕ್ಕೆವು. ಆಮೇಲೆ ಅವಳು ನಗಲಿಲ್ಲ. "ನನ್ನ ಕೂಡ ಬಂದು ಬಿಡು. ನಿನ್ನ ಪಿಂಚಣಿ ನಿನಗೈತಿ. ಟಿಕೋಟಾದಾಗ ನಿಮ್ಮಪ್ಪನ ಮನಿ ಐತಿ."

ಬರುತ್ತೇನೆ ಎನ್ನಲು ಬಾಯಿ ತೆರೆದೆ. ಹೊರಗೆ ಇವರು ಸಕ್ಕುವಿನ ಮೊಮ್ಮಗಳಿಗೆ ಏನೋ ಕೇಳುತ್ತಿದ್ದರು. ಜರ್ಮನ್ ಮಾತ್ರ ಬರುವ ಆ ಮಗು ಅವರ ಮುಖ ನೋಡುತ್ತಿತ್ತು. ಇವರು ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದರು. ನಾನು ಹೋದರೆ ಇವರು ಬ್ರೆಡ್ಡು ಕೂಡ ಕೊಳ್ಳಲಾರರು. ಇದು ಕರುಣೆಯೋ ಅಭ್ಯಾಸವೋ ತಿಳಿಯದು. ಪ್ರೀತಿ ಎಂದು ಬರೆಯಲು ಕೈ ಬರುವುದಿಲ್ಲ.

"ಆಗಂಗಿಲ್ಲ ಸಕ್ಕೂ," ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಉಳಿದ ಹಿಟ್ಟನ್ನು ನನ್ನ ಚೀಲಕ್ಕೆ ತುಂಬಿದಳು.

ಅವಳು ಹೋಗಿ ತಿಂಗಳು ಕಳೆಯಿತು. ಹಿಟ್ಟೂ ಮುಗಿಯಿತು. ನಿನ್ನೆ ಆದಿತ್ಯವಾರ ಇವರು ನಕಾಶೆ ಹರವಿ, ಎಂದೂ ಕೇಳದವರು ಕೇಳಿದರು. "ಇವತ್ತ ನೀನ ಹೇಳು. ಎಲ್ಲಿಗೆ ಹೋಗೂನು?"

ಬೆರಳಿಟ್ಟು ಹುಡುಕಿದೆ. ಇಡೀ ನಕಾಶೆಯಲ್ಲಿ ನನಗೆ ಬೇಕಾದ ಒಂದು ಊರೂ ಉಳಿದಿರಲಿಲ್ಲ.

"ಟಿಕೋಟಾಕ್ಕ," ಎಂದೆ.

ಚೇಷ್ಟೆ ಎಂದುಕೊಂಡು ಇವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಆಮೇಲೆ ಒಂದು ಕೆರೆಯ ಹೆಸರು ಹೇಳಿದರು, ನಾನು ಬೂಟು ಹಾಕಿಕೊಂಡೆ.