ಚಿಕ್ಕಮುನಿಯಪ್ಪನ ಮಾರು

ಸೋಮವಾರ ಬೆಳಗ್ಗೆ ಓವರ್ಸಿಯರ್ ಆದಿನಾರಾಯಣ ಟೇಪು ಹಿಡಿದು ಮರ್ಫಿ ಟೌನಿನ ಓಣಿಗೆ ಬಂದಾಗ, ಚಿಕ್ಕಮುನಿಯಪ್ಪ ಗುಂಡಿಯ ಪಕ್ಕದಲ್ಲಿ ನಿಂತು ಯಾರನ್ನೋ ಬೈಯುತ್ತಿದ್ದ: "ಬೆನ್ನು ನೋವಾ ಗುರು? ನಿನ್ನೆ ಹಲಸೂರಲ್ಲಿ ಕುಸ್ತಿ ನೋಡೋಕೆ ಓಡಿದ್ಯಲ್ಲ, ಆಗೆಲ್ಲಿತ್ತು?" ನೀರಿನ ಪೈಪಿಗೆ ಓಣಿಯವರೇ ಕಾಲುವೆ ತೋಡಬೇಕು, ಪೈಪು, ನಲ್ಲಿ ಮುನಿಸಿಪಾಲಿಟಿಯದು ಎಂದು ಒಪ್ಪಂದವಾಗಿತ್ತು, ಈ ದಿನದ ಅಳತೆಯಲ್ಲಿ ಒಂದಡಿ ಕಡಿಮೆ ಬಿದ್ದರೂ ಪೈಪು ಬೇರೆ ಓಣಿಗೆ ಹೋಗುತ್ತಿತ್ತು. ಮನೆಗೊಂದು ಮಾರಿನಂತೆ ಕೈ ಚಾಚಿ ಅಳೆದು ಪಾಲು ಹಂಚಿದವನು ದಂಡಿನ ಬ್ಯಾರಕ್ಕಿನ ಹೂದೋಟದ ಮಾಲಿಯಾದ ಈ ಚಿಕ್ಕಮುನಿಯಪ್ಪ. ನಲವತ್ತು ಮನೆಯವರ ಹೆಸರೂ ಸಬೂಬೂ ಅವನಿಗೆ ಬಾಯಿಪಾಠ. ತಮಿಳರನ್ನು ತಮಿಳಿನಲ್ಲಿ, ಲತೀಫ್ ಸಾಹೇಬರನ್ನು ದಖನಿ ಉರ್ದುವಿನಲ್ಲಿ ಎಬ್ಬಿಸುತ್ತಿದ್ದ. ಅವನ ಕೂಗಿಗೆ ದಂಡಿನ ಕಹಳೆಯವನೇ ಹೊತ್ತಾಯಿತೆಂದು ಎದ್ದು ಕೂರುತ್ತಿದ್ದನಂತೆ. ಆದಿನಾರಾಯಣ ಟೇಪು ಎಳೆದು ನೋಡಿದರು. ಗಟ್ಟಿಮುಟ್ಟಾದವರ ಪಾಲು ಆರಡಿ, ಕೈಕೂಸಿನ ಬಿಲ್ಕೀಸಳದು ಮೂರು, ಗಂಡನಿಲ್ಲದ ಮುದುಕಿ ಅಂಜಿನಮ್ಮನದು ಎರಡೇ. "ಏನಯ್ಯ, ಮನೆಗೊಂದು ಥರ ಮಾರಾ ನಿಂದು?" "ವಯಸ್ಸಾಯ್ತಲ್ಲ ಸ್ವಾಮಿ, ಒಂದೊಂದ್ಸಲ ಕೈ ಪೂರ್ತಿ ಚಾಚೋಕಾಗಲ್ಲ." ಇಂಥ ಹಲವು ಮನೆಗಳಲ್ಲಿ ಹೀಗೆ ಕಡಿಮೆಯಾದದ್ದೆಲ್ಲ ಸೇರಿ ಓಣಿಯ ಕೊನೆಗೆ ಮೂವತ್ತಡಿ ತೋಡದೆ ಉಳಿದಿರಬೇಕಿತ್ತು. ಆದಿನಾರಾಯಣ ನಡೆದು ಹೋಗಿ ನೋಡಿದರು. ಯಾವ ಮನೆಗೂ ಸೇರದ ಆ ಮೂವತ್ತಡಿ, ಹೂವಿನ ಪಾತಿಯಂತೆ ಅಂಚು ಕತ್ತರಿಸಿ, ಆಳ ಸಮ ಮಾಡಿ ತಯಾರಾಗಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ನೇರವಾದ ಕಾಲುವೆಯನ್ನು ಅವರು ಕಂಡಿರಲಿಲ್ಲ. ಟೇಪು ಸುತ್ತಿಕೊಂಡು, ಚಪ್ಪಲಿ ಬಿಟ್ಟು ಅದರೊಳಗೆ ಇಳಿದು ಕೊನೆಯವರೆಗೂ ನಡೆದರು. ಮಧ್ಯಾಹ್ನ ಎರಡು ಗಂಟೆಗೆ ಪೈಪಿನ ಗಾಡಿ ಬಂತು.