ಮೈಕಿಗೆ ಸಿಗದ ಬಡಿತ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಯಾರಾದರೂ "ನಮ್ಮ ದೊಡ್ಡಪ್ಪಗ ಒಂದ್ಸಲ ಏನಾತು ಗೊತ್ತೈತೇನು" ಎಂದು ಶುರುಮಾಡಿದರೆ ನಾನು ಕೈ ತೊಳೆಯುವ ನೆಪ ಹೇಳಿ ಎದ್ದುಬಿಡುತ್ತಿದ್ದೆ. ನನ್ನ ಕಸುಬು ಧ್ವನಿಯದು. ಧ್ವನಿ ಎಂದರೆ ಗಾಳಿಯ ಅಲುಗಾಟ, ಅಷ್ಟೇ. ಅಲುಗಿದ್ದು ಮೈಕಿಗೆ ಸಿಗುತ್ತದೆ, ಮೈಕಿಗೆ ಸಿಗದಿದ್ದದ್ದು ಆಗಿಯೇ ಇಲ್ಲ. ಈ ನಂಬಿಕೆಯ ಮೇಲೆಯೇ ಇಷ್ಟು ವರ್ಷ ಹೊಟ್ಟೆ ಹೊರೆದುಕೊಂಡಿದ್ದೇನೆ. ಹಾಗಾಗಿ ಮುಂದೆ ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ವಿಚಿತ್ರ ಅನುಭವ ಎಂದ ಕೂಡಲೇ ಜನ ಅಮಾವಾಸ್ಯೆಯ ಕತ್ತಲೆಯನ್ನು ಎದುರು ನೋಡುತ್ತಾರೆ. ನನಗೆ ಆ ಅನುಕೂಲವೂ ಇಲ್ಲ. ಇದು ನಡೆದದ್ದು ಯಲ್ಲಾಪುರದ ಹತ್ತಿರ, ಮಟಮಟ ಮಧ್ಯಾಹ್ನ, ಹತ್ತಾರು ಜನರ ಕಣ್ಣೆದುರಿಗೆ.

ನಾನು ದಾಸನಕೊಪ್ಪದವನು. ಅಪ್ಪನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ವೈರು ಸುತ್ತುತ್ತ ಬೆಳೆದವನು ಹುಬ್ಬಳ್ಳಿಗೆ ಹೋದೆ, ಅಲ್ಲಿಂದ ಮುಂಬೈ, ಮುಂಬೈಯಿಂದ ದುಬೈ. ದುಬೈಯಲ್ಲಿ ನಾನಿದ್ದ ಸ್ಟುಡಿಯೋಗೆ ನೈಜೀರಿಯಾದ ಹಾಡುಗಾರರು ಬರುತ್ತಿದ್ದರು. ಆಫ್ರೋಬೀಟ್ಸ್ ಎಂಬ ಅವರ ಕುಣಿತದ ಸಂಗೀತ ಆಗ ಎಲ್ಲೆಡೆ ಹಬ್ಬುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ನಿದ್ದೆ ಮಾಡದ ಒಬ್ಬ ರೆಕಾರ್ಡಿಂಗ್ ಎಂಜಿನಿಯರ್. ನನಗೆ ಮೊದಲಿನಿಂದಲೂ ನಿದ್ದೆ ಕಡಿಮೆ, ಕೂತಲ್ಲಿ ಕೂರುವ ಸ್ವಭಾವವೂ ಅಲ್ಲ. ಹೀಗೆ ಸಿಕ್ಕಿಬಿದ್ದೆ.

ಹೊರಗಿನವರಿಗೆ ಈ ಲೋಕ ಬರೀ ದೀಪ, ಕಾರು, ಕಪ್ಪು ಕನ್ನಡಕ. ಒಳಗಿದ್ದವರಿಗೆ ಗೊತ್ತು, ಊರೆಲ್ಲ ಕುಣಿದ ಹಾಡನ್ನು ಹೋಟೆಲಿನ ಬಟ್ಟೆ ಕಪಾಟಿನೊಳಗೆ ನಿಲ್ಲಿಸಿ ಹಾಡಿಸಿರುತ್ತೇವೆ, ಯಾಕೆಂದರೆ ಪ್ರತಿಧ್ವನಿ ಇಲ್ಲದ ಜಾಗ ಅದೊಂದೇ. ಕೆಲಸಕ್ಕೆಂದು ನೈಜೀರಿಯಾದ ಲಾಗೋಸಿಗೆ ಹೋದಾಗ ಅಲ್ಲಿ ಕರೆಂಟು ಹೋಗಿ ಜನರೇಟರ್ ಗುಡುಗುವಾಗ, ಅದರ ಗುಂಯ್‌ಗುಡುವಿಕೆ ಯಾವ ಸ್ವರದಲ್ಲಿದೆ ಎಂದು ನೋಡಿ ಹಾಡನ್ನೇ ಅದಕ್ಕೆ ಹೊಂದಿಸಿದ್ದೂ ಉಂಟು. ಮಧ್ಯಾಹ್ನ ಬರುತ್ತೇನೆಂದ ಹಾಡುಗಾರ ಮಾರನೇ ದಿನ ಒಂದು ದಿಬ್ಬಣವನ್ನೇ ಕರೆದುಕೊಂಡು ಬರುತ್ತಾನೆ. ಅಷ್ಟರಲ್ಲಿ ನಾವು ಚಹಾ ಕುಡಿದು ಕುಡಿದು ಸತ್ತಿರುತ್ತೇವೆ.

ದುಬೈಯಲ್ಲಿ ಪರಿಚಯವಾದವನು ಸೆಗುನ್. ಹಾಡುಗಳಿಗೆ ತಾಳ ಕಟ್ಟುವುದು ಅವನ ಕೆಲಸ, ಲಾಗೋಸಿನಲ್ಲಿ ಅವನಿಗೆ ಸ್ವಂತ ಸ್ಟುಡಿಯೋ ಇತ್ತು. ಒಳ್ಳೆಯ ಹೆಸರು ಮಾಡಿದ್ದವನು ಆಮೇಲಾಮೇಲೆ ಕಂಗೆಟ್ಟ. ಕಂಪ್ಯೂಟರಿನಲ್ಲಿ ಕಟ್ಟಿದ ತಾಳಗಳೆಲ್ಲ ಒಂದೇ ಥರ ಕೇಳುತ್ತಿವೆ, ಜನ ಕುರ್ಚಿ ಬಿಟ್ಟು ಏಳುತ್ತಿಲ್ಲ ಎನ್ನುವುದು ಅವನ ಕೊರಗು. ಒಮ್ಮೆ ನನ್ನ ಫೋನಿನಲ್ಲಿ ಕಾಡಂಚಿನ ಸಿದ್ದಿ ಜನರ ಡಮಾಮಿ ಡೋಲಿನ ಕುಣಿತದ ತುಣುಕನ್ನು ನೋಡಿ, ಇದು ಎಲ್ಲಿಯದು ಎಂದು ಕೇಳಿದ. ನಮ್ಮ ಪಕ್ಕದ ತಾಲೂಕಿನದು ಎಂದೆ. ಮಾರನೇ ದಿನವೇ ವೀಸಾಕ್ಕೆ ಓಡಾಡತೊಡಗಿದ.

ಸಿದ್ದಿಯರ ಹಿರಿಯರು ಬಂದದ್ದು ಆಫ್ರಿಕಾದ ಮೂಡಲ ಕರಾವಳಿಯಿಂದ ಎನ್ನುತ್ತಾರೆ. ಸೆಗುನ್‌ನ ಊರು ಪಡುವಲದ್ದು, ನಡುವೆ ಒಂದು ಖಂಡವೇ ಇದೆ. ರಕ್ತ ರಕ್ತವನ್ನು ಕರೆಯಿತು ಎಂದು ಯಾರಾದರೂ ರಾಗ ಎಳೆದಾರು ಎಂದು ಇದನ್ನು ಮೊದಲೇ ಹೇಳಿದ್ದು. ಯಲ್ಲಾಪುರ ಪೇಟೆಯವರಿಗೆ ಮಾತ್ರ ಇದೆಲ್ಲ ಲೆಕ್ಕಕ್ಕಿಲ್ಲ. ಚಹಾದಂಗಡಿಯವನು ಸೆಗುನ್‌ನನ್ನು ನೋಡಿ "ಯಾವೂರಾತು ನಿಂದು?" ಎಂದ. ಊರು ಕೇಳುತ್ತಿದ್ದಾರೆ ಎಂದು ನಾನು ತಿಳಿಸಿದ ಮೇಲೆ ಇವನು ಲಾಗೋಸ್ ಎಂದ. "ಅದು ಹಳಿಯಾಳದ ಆಚಿಗೇನು?" ಎಂದು ಅವನು ಕೇಳಿದ. ಇನ್ನೂ ಸ್ವಲ್ಪ ಆಚಿಗೆ ಎಂದು ನಾನು ಹೇಳಿದೆ.

ಪರಿಚಯದ ಮೇಷ್ಟರೊಬ್ಬರು ನಮ್ಮನ್ನು ಸಾವಂತ್ರಕ್ಕನ ಮನೆಗೆ ಕರೆದುಕೊಂಡು ಹೋದರು. ಆ ಸುತ್ತಿನಲ್ಲಿ ಡಮಾಮಿ ಬಾರಿಸುವುದರಲ್ಲಿ ಸಾವಂತ್ರಕ್ಕನದೇ ಹೆಸರು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ ಲಾರಿಯ ಮೇಲೆ ಊರೂರು ಸುತ್ತುವವನು, ಮನೆಯಲ್ಲಿ ಜೊತೆಗಿದ್ದವಳು ಸೊಸೆ ರೇಣುಕಾ. ಉದ್ದನೆಯ, ಎರಡೂ ಕಡೆ ಚರ್ಮ ಬಿಗಿದ ಆ ಮರದ ವಾದ್ಯವನ್ನು ಮುಂದಿಟ್ಟುಕೊಂಡು ಕೂತಾಗ ಸಾವಂತ್ರಕ್ಕನ ಬಲಗೈ ಸಣ್ಣಗೆ ನಡುಗುವುದನ್ನು ನಾನು ನೋಡಿದೆ. ಈ ನಡುಕ ಹೆಚ್ಚುತ್ತಲೇ ಹೋಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ.

ಅವರಿಗೆ ಗೊತ್ತಿದ್ದ ಬಡಿತಗಳಲ್ಲಿ ಒಂದು ಗಂಡನಿಂದ ಬಂದದ್ದು. ದಿನವಿಡೀ ದುಡಿದು ದಣಿದು ಕೂತ ಜನರನ್ನು ಕುಣಿತಕ್ಕೆ ಎಬ್ಬಿಸಲು ಬಾರಿಸುವುದು. ಎಬ್ಬಿಸೋ ಬಡಿತ ಎನ್ನುತ್ತಾರೆ. ರೇಣುಕಾಳಿಗೆ ಉಳಿದವೆಲ್ಲ ಬಂದಿದ್ದವು, ಇದೊಂದು ಮಾತ್ರ ಎಷ್ಟು ಕಲಿತರೂ ಕೈಗೆ ಕೂತಿರಲಿಲ್ಲ. ಬೇರೆ ಯಾರಿಗೂ ಬರುತ್ತಿರಲಿಲ್ಲ.

"ತಮ್ಮಾ, ಈ ಕೈ ಇನ್ನ ಭಾಳ ದಿನ ಮಾತು ಕೇಳೂದಿಲ್ಲ. ಅದು ನಿಂತು ಹೋಗೂದರೊಳಗ ಅವರ ಬಡಿತ ಒಂದನ್ನ ನಿನ್ನ ಡಬ್ಬಿಯೊಳಗ ಇಟ್ಟುಬಿಡು. ಉಳದದ್ದು ಹೋದರ ಹೋಗಲಿ," ಎಂದರು ಸಾವಂತ್ರಕ್ಕ.

ಅದಕ್ಕೇನಂತೆ, ಇಟ್ಟೇ ಇಡುತ್ತೇನೆ ಎಂದು ನಾನು ದೊಡ್ಡ ಮನುಷ್ಯನ ಹಾಗೆ ಮಾತು ಕೊಟ್ಟೆ.

ಡಮಾಮಿಗೆ ಕೈ ಹಚ್ಚುವ ಮುಂಚೆ ತೀರಿಹೋದ ಹಿರಿಯರನ್ನು ಕೇಳಬೇಕು. ಆ ಮನೆಯ ಪದ್ಧತಿ ಹಾಗೆ. ಗೋಡೆಯ ಮೂಲೆಯಲ್ಲಿ ಹಿರಿಯರ ಹೆಸರಿನಲ್ಲಿಟ್ಟ ಕಾಯಿಯ ಮುಂದೆ ಊದುಬತ್ತಿ ಹಚ್ಚಿ, ವಾದ್ಯದ ಮೇಲೊಂದು ಹೂ ಇಟ್ಟು, ಅದು ತಾನಾಗಿ ಬಲಕ್ಕೆ ಬೀಳುವ ತನಕ ಕಾಯುವುದು. ನಾನು ಗಡಿಯಾರ ನೋಡುತ್ತ ಅಂಗಳದಲ್ಲಿ ಶತಪಥ ಹಾಕಿದೆ. ಸೆಗುನ್ ಮಾತ್ರ ನೆಮ್ಮದಿಯಾಗಿ ಕೂತಿದ್ದ. ತನ್ನ ಅಜ್ಜನ ಮನೆಯಲ್ಲೂ ಹಿರಿಯರಿಗೆಂದು ನೆಲಕ್ಕೆ ನಾಲ್ಕು ಹನಿ ಚೆಲ್ಲದೆ ಯಾರೂ ಗುಟುಕು ಕುಡಿಯುವುದಿಲ್ಲ ಎಂದ. ಕೊನೆಗೆ ಹೂ ಬಿತ್ತು, ಬಲಕ್ಕೇ ಬಿತ್ತು. ಎಲ್ಲರೂ ನೋಡಿದರು.

ಮೊದಲು ಬೇರೆ ಬಡಿತಗಳನ್ನು ಹಿಡಿದೆ. ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಆಮೇಲೆ ಸಾವಂತ್ರಕ್ಕ ಸೆರಗು ಸಿಕ್ಕಿಸಿಕೊಂಡು ಎಬ್ಬಿಸೋ ಬಡಿತಕ್ಕೆ ಕೈ ಹಾಕಿದರು. ಅದನ್ನು ಹೇಗೆಂದು ವರ್ಣಿಸಲಿ? ಜೋರಾಗಿರಲಿಲ್ಲ, ಚುರುಕೂ ಅಲ್ಲ. ಯಾರೋ ರಟ್ಟೆ ಹಿಡಿದು ಎಬ್ಬಿಸಿದಂತೆ ಆಯಿತು. ಅಂಗಳದಲ್ಲಿ ಹರಟುತ್ತ ಕೂತಿದ್ದವರು, ಕಟ್ಟೆಯ ಮೇಲೆ ಒರಗಿದ್ದ ಮೇಷ್ಟರು, ಸೆಗುನ್ ಎಲ್ಲರೂ ಎದ್ದರು. ನಾನೂ ಎದ್ದಿದ್ದೆ. ಹೆಡ್‌ಫೋನಿನ ವೈರು ಜಗ್ಗಿ ಕಿತ್ತು ಬಂದಾಗಲೇ ನನಗೆ ಅದು ಗೊತ್ತಾದದ್ದು. ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಒಂದು ಹೆಜ್ಜೆ ಕುಣಿಯದವನು ನಾನು.

ರೆಕಾರ್ಡಿಂಗ್ ಹಾಕಿ ಕೇಳಿದೆವು. ಹುಂಜ ಕೂಗುತ್ತಿದೆ. ದೂರದಲ್ಲಿ ಬಸ್ಸಿನ ಹಾರ್ನು. ರೇಣುಕಾಳ ಬಳೆ, ಕುರ್ಚಿ ಸರಿದ ಸದ್ದು, ಮಣ್ಣಿನ ಮೇಲೆ ಕಾಲುಗಳು. ಡಮಾಮಿ ಇಲ್ಲ.

ವೈರು ಕಿತ್ತದ್ದೇ ಕಾರಣ ಎಂದುಕೊಂಡೆ. ಆದರೆ ಕಿತ್ತದ್ದು ಹೆಡ್‌ಫೋನಿನದು, ಮೈಕಿನದಲ್ಲ. ಆದರೂ ಎಲ್ಲ ಬಿಚ್ಚಿ ಹೊಸದಾಗಿ ಜೋಡಿಸಿದೆ, ಮೈಕ್ ಬದಲಿಸಿದೆ. ಎರಡನೇ ಸಲ ಒಂದು ಕೈಯಲ್ಲಿ ಬೆಂಚನ್ನು ಗಟ್ಟಿಯಾಗಿ ಹಿಡಿದು, ಸದ್ದಿನ ಏರಿಳಿತ ತೋರಿಸುವ ಮೀಟರಿನ ಮೇಲೆಯೇ ಕಣ್ಣಿಟ್ಟೆ. ಸಾವಂತ್ರಕ್ಕ ಬಾರಿಸುತ್ತಿದ್ದಾರೆ, ನನ್ನ ಕಾಲು ತಡೆಯುತ್ತಿಲ್ಲ, ಎದೆಯೊಳಗೆ ಅದು ಬಡಿಯುತ್ತಿದೆ. ಮೀಟರ್ ಮಾತ್ರ ಮಲಗಿಬಿಟ್ಟಿದೆ. ಯಾರೋ ಕೆಮ್ಮಿದರೆ ಏಳುತ್ತದೆ, ಮತ್ತೆ ಮಲಗುತ್ತದೆ. ಹೆಡ್‌ಫೋನನ್ನು ಕಿವಿಗೆ ಅದುಮಿದರೆ ಆ ಬಡಿತ ಗೋಡೆಯಾಚೆಗೆ ಹೋದಂತೆ ಮಂದವಾಗುತ್ತದೆ. ಒಳಗೆ ಬರುವುದು ಬರೀ ಕಾಲಿನ ಸದ್ದು. ಹೆಡ್‌ಫೋನನ್ನು ತೆಗೆದು ಬೆಂಚಿನ ಮೇಲಿಟ್ಟೆ.

ರೇಣುಕಾ ತನ್ನ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದಳು. ಅದರಲ್ಲಿ ಅತ್ತೆಯ ಕೈ ಚರ್ಮದ ಮೇಲೆ ಬೀಳುತ್ತದೆ, ಏಳುತ್ತದೆ. ಬಿದ್ದ ಸದ್ದಿಲ್ಲ. ಅದನ್ನು ನೋಡಿ ರೇಣುಕಾ ಫೋನನ್ನು ಬಿಸಿ ಪಾತ್ರೆ ಮುಟ್ಟಿದವಳಂತೆ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

ಎರಡು ಮೈಕುಗಳಿಗೆ ಬಂದ ಧ್ವನಿ ಒಂದನ್ನೊಂದು ಅಳಿಸಿಹಾಕುವುದು ನಮ್ಮ ಕಸುಬಿನಲ್ಲಿ ಆಗುವಂಥದ್ದೇ. ಹಾಗಿದ್ದರೆ ಉಳಿದ ಬಡಿತಗಳೂ ಅಳಿಸಬೇಕಿತ್ತು. ಫೋನುಗಳು ಬೇಡದ ಸದ್ದನ್ನು ತಾವೇ ತೆಗೆದುಬಿಡುತ್ತವೆ, ನಿಜ. ನನ್ನ ಯಂತ್ರಕ್ಕೆ ಅಂಥ ಬುದ್ಧಿ ಇಲ್ಲ. ಆಮೇಲೆ ಮುಂಬೈಯಲ್ಲಿ ನನಗೆ ಕೆಲಸ ಕಲಿಸಿದವರನ್ನೂ ಕೇಳಿದೆ. ನಿದ್ದೆ ಮಾಡು ಎಂದರು.

ಸಾವಂತ್ರಕ್ಕ ಹೆಡ್‌ಫೋನ್ ಕೇಳಿ ಹಾಕಿಸಿಕೊಂಡರು.

"ಎಲ್ಲೈತೋ ತಮ್ಮಾ?"

"ಇಲ್ಲ ಅಕ್ಕಾ."

"ಮತ್ತೊಮ್ಮೆ ಹಚ್ಚು."

ಮತ್ತೊಮ್ಮೆ ಹಚ್ಚಿದೆ. ಕೇಳಿ ಮುಗಿಸಿ ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, "ಹಿರ್ಯಾರು ಹೂ ಕೊಟ್ಟಾರ. ನಾ ಕೇಳಲಾರದ ಕುಂತಾಕಿ ಅಲ್ಲ. ಮತ್ತ ಯಾಕ?" ಎಂದರು. ಅವರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ನನಗೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಗಿತ್ತು. ಆ ಕೈಗೆ ಇದ್ದ ಒಂದೇ ಆಸೆ ಅದು, ಅದನ್ನು ಈಡೇರಿಸುವುದು ನನ್ನಿಂದ ಆಗಲಿಲ್ಲ.

ಸೆಗುನ್ ಮೊದಲು ನನ್ನ ಮೇಲೆ ರೇಗಿದ, ಆಮೇಲೆ ನಕ್ಕ, ಆಮೇಲೆ ಟಿಕೆಟ್ಟನ್ನು ಮುಂದಕ್ಕೆ ಹಾಕಿದ. ಯಂತ್ರಕ್ಕೆ ಬರದಿದ್ದರೆ ನಾನೇ ಕಲಿಯುತ್ತೇನೆ ಎಂದ. ಯಲ್ಲಾಪುರದ ಲಾಡ್ಜಿನಲ್ಲಿ ಉಳಿದು ದಿನಾ ಅಲ್ಲಿಗೆ ಹೋಗತೊಡಗಿದೆವು. ಅವನಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಸಾವಂತ್ರಕ್ಕ ಅವನ ಹಿಂದೆ ಕೂತು ಅವನ ಬೆನ್ನಿನ ಮೇಲೆ ಬಡಿತ ಹಾಕುವುದು, ಅವನು ಅದನ್ನು ಮುಂದಿದ್ದ ಡಮಾಮಿಗೆ ದಾಟಿಸುವುದು. ತಪ್ಪಿದರೆ ಭುಜಕ್ಕೊಂದು ಏಟು. "ಏ, ಅವಸರ ಮಾಡಬ್ಯಾಡೋ!" ಎಂದು ಗದರುವುದು ಅವನಿಗೂ ಅರ್ಥವಾಗುತ್ತಿತ್ತು. ನಾನು ಅಂಗಳದಲ್ಲಿ ಅತ್ತಿಂದಿತ್ತ ಅಲೆಯುತ್ತಿದ್ದೆ.

ಹೊರಡುವ ದಿನ ಸೆಗುನ್ ಎಲ್ಲರೆದುರು ಬಾರಿಸಿದ. ನನ್ನ ಕಿವಿಗೆ ತಪ್ಪೇನೂ ಕೇಳಿಸಲಿಲ್ಲ. ಜನ ಪ್ರೀತಿಯಿಂದ ಕೇಳಿದರು, ಕೆಲವರು ತಲೆದೂಗಿದರು. ಯಾರೂ ಏಳಲಿಲ್ಲ. "ಚೊಲೋ ಬಂತ್ರಿ," ಎಂದು ರೇಣುಕಾ ಮಾತಿಗೆ ಹೇಳಿದಳು. ಆ ಸಲದ ರೆಕಾರ್ಡಿಂಗ್ ಸ್ಪಷ್ಟವಾಗಿ ಬಂದಿತ್ತು. ಆದರೆ ಕೇಳಿದವರು ಯಾರೂ ಏಳದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಸಾವಂತ್ರಕ್ಕ ಅವನ ತಲೆ ಸವರಿ ಒಳಗೆ ಹೋದರು, ಬಸ್ಸಿಗೆ ಹೊರಟಾಗಲೂ ಹೊರಗೆ ಬರಲಿಲ್ಲ. ಸೆಗುನ್ ಒಂದು ಚಿಕ್ಕ ಡಮಾಮಿಯನ್ನು ಹೊತ್ತುಕೊಂಡು ಊರಿಗೆ ಹೋದ.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಊರಿಗೆ ಬಂದಿದ್ದ ನಾನು ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿದ್ದಾಗ, ಅವನ ಫೋನು ಬಂತು. ಸಿಟ್ಟಿನಲ್ಲಿದ್ದ. ದಿನಾ ಅಭ್ಯಾಸ ಮಾಡುತ್ತಲೇ ಇದ್ದನಂತೆ. ಹಿಂದಿನ ದಿನ ಕೈ ಚೆನ್ನಾಗಿ ಕೂಡಿಬಂತು ಅನ್ನಿಸಿ ಸ್ಟುಡಿಯೋದಲ್ಲಿ ಹಿಡಿದರೆ ಫೈಲಿನಲ್ಲಿ ಏನೂ ಇಲ್ಲ. ಮೈಕ್ ಬದಲಿಸಿದ, ಕೋಣೆ ಬದಲಿಸಿದ, ಏನೂ ಇಲ್ಲ. ಸಾಲದ್ದಕ್ಕೆ ಹೊರಗೆ ಜನರೇಟರ್ ನೋಡಿಕೊಳ್ಳುವ ಮುದುಕ ಕೆಲಸ ಬಿಟ್ಟು ಎದ್ದು ಒಳಗೆ ಬಂದು ನಿಂತಿದ್ದ, ಅವನಿಗೂ ಬೈದೆ ಎಂದ. ನಿಮ್ಮ ಕಾಡಿನಿಂದ ಏನನ್ನು ಅಂಟಿಸಿಕೊಂಡು ಬಂದೆನೋ ಎಂದು ಗೊಣಗಿ ಫೋನ್ ಇಟ್ಟ.

ಇದನ್ನು ಸಾವಂತ್ರಕ್ಕನಿಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಮೊದಲೇ ನೊಂದ ಜೀವ. ಕೊನೆಗೆ ತಡೆಯಲಾರದೆ ರೇಣುಕಾಳ ಫೋನಿಗೆ ಮಾಡಿದೆ. ಅತ್ತೆಯ ಕೈಯಲ್ಲಿ ಈಗ ಚಮಚವೂ ನಿಲ್ಲುವುದಿಲ್ಲ ಎಂದು ಹೇಳಿ, ಅವರ ಕಿವಿಗೆ ಫೋನ್ ಹಿಡಿದಳು. ಅವನು ಅಲ್ಲಿ ಬಾರಿಸಿದನಂತೆ ಅಕ್ಕಾ, ಅಲ್ಲಿಯೂ ರೆಕಾರ್ಡ್ ಆಗಲಿಲ್ಲವಂತೆ ಎಂದೆ.



"ಅಲ್ಲೆ ಯಾರರ ಎದ್ದರೇನು?" ಎಂದು ಕೇಳಿದರು ಸಾವಂತ್ರಕ್ಕ.

ಯಾರೋ ಒಬ್ಬ ಮುದುಕ ಕೆಲಸ ಬಿಟ್ಟು ಎದ್ದು ಬಂದಿದ್ದನಂತೆ ಎಂದೆ.

ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ. "ಬಂತು ಬಿಡೋ ತಮ್ಮಾ. ಹಂಗಾರ ಅವಂಗ ಬಂತು," ಎಂದರು. ಫೋನನ್ನು ಸರಿಸಿ ಸೊಸೆಗೂ ಅದನ್ನೇ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಸಾವಂತ್ರಕ್ಕನಿಗೆ ಆವತ್ತು ನೆಮ್ಮದಿ ಸಿಕ್ಕಿತು. ನನಗೆ ಇವತ್ತಿಗೂ ಸಿಕ್ಕಿಲ್ಲ. ಇದೆಲ್ಲ ಹೇಗಾಯಿತು ಎಂದು ನನಗೆ ಗೊತ್ತಿಲ್ಲ, ಗೊತ್ತಿರುವವರೂ ಸಿಕ್ಕಿಲ್ಲ. ಈಗಲೂ ಕೆಲಸ ಮಾಡುತ್ತೇನೆ, ಮೈಕ್ ಇಡುತ್ತೇನೆ, ಮೀಟರ್ ಏಳುವುದನ್ನು ನೋಡುತ್ತೇನೆ. ಯಾವುದಾದರೂ ವಾದ್ಯ ತೀರ ಸ್ಪಷ್ಟವಾಗಿ, ಸಲೀಸಾಗಿ ರೆಕಾರ್ಡ್ ಆಗಿಬಿಟ್ಟರೆ ಬಾರಿಸಿದವರು ಖುಷಿಪಡುತ್ತಾರೆ. ಬಾರಿಸಿದ್ದು ಸರಿಯಿತ್ತೋ ಇಲ್ಲವೋ ಎಂದು ನನಗೆ ಅನುಮಾನ ಶುರುವಾಗುತ್ತದೆ.